ಮಡಿಲಿಗೆ ಮೂರು ಬೊಗಸೆ

ಫೋನ್ ಬಂದಾಗ ರಾಜೀವಿ ವೇರಾ ನಿಕೊಲಾಯೆವ್ನಾ ಅವರ ಅಡುಗೆಮನೆಯಲ್ಲಿ ನಿಂತು ಬೀಟ್‌ರೂಟ್ ಹೆಚ್ಚುತ್ತಿದ್ದಳು. ಕೆಂಪಾದ ಕೈಯನ್ನು ಟವೆಲಿಗೆ ಒರೆಸಿ ರಿಸೀವರ್ ಎತ್ತಿದರೆ, ಆ ಕಡೆ ಸ್ಯಾನ್ ಡಿಯಾಗೊದಿಂದ ಪ್ರೊಫೆಸರ್ ಅರ್ಕಾದಿ ಸೆಮ್ಯೊನೊವಿಚ್. ಬೆರ್ಯೋಜಾ ಪ್ರಶಸ್ತಿಯ ತೀರ್ಪುಗಾರರಲ್ಲಿ ಹಿರಿಯರು ಅವರೇ. ಹೀಗೆ ಮನೆಗೆ ಫೋನ್ ಮಾಡುವ ಪೈಕಿಯವರಲ್ಲ.

“ರಾಯಾ, ವೇರಾ ನಿಕೊಲಾಯೆವ್ನಾ ಹತ್ತಿರದಲ್ಲಿ ಇಲ್ಲ ತಾನೆ?” ಎಂದು ರಷ್ಯನ್ನಿನಲ್ಲಿ ದನಿ ತಗ್ಗಿಸಿ ಕೇಳಿದರು. ರಾಜೀವಿ ಎಂಬ ಹೆಸರು ರಷ್ಯನ್ನರ ಬಾಯಲ್ಲಿ ಸವೆದು ರಾಯಾ ಆಗಿ ಎಷ್ಟೋ ವರ್ಷವಾಗಿತ್ತು.

“ಮಲಗಿದ್ದಾರೆ.”

“ಒಳ್ಳೆಯದಾಯಿತು. ನಿಮಗೊಬ್ಬರಿಗೇ ಹೇಳುತ್ತೇನೆ. ಕೊನೆಗೆ ಮೂರು ಕಾದಂಬರಿ ಉಳಿದಿವೆ. ನನ್ನ ಮನಸ್ಸು ವೇರಾ ನಿಕೊಲಾಯೆವ್ನಾ ಅವರದರ ಮೇಲಿದೆ, ಉಳಿದಿಬ್ಬರು ತೀರ್ಪುಗಾರರೂ ಹೆಚ್ಚುಕಡಿಮೆ ಒಪ್ಪಿದ್ದಾರೆ. ಆ ಗೇಟಿನ ದೃಶ್ಯ ಇದೆಯಲ್ಲ, ಗಂಡ ಸತ್ತ ಸೊಸೆ ಮನೆ ಬಿಟ್ಟು ಹೊರಟಾಗ ಅತ್ತೆ ಓಡಿಬಂದು ಅವಳ ಲಂಗದ ಮಡಿಲಿಗೆ ಮೂರು ಬೊಗಸೆ ರೈ ಕಾಳು ಸುರಿಯುವುದು. ಓದಿ ಅತ್ತುಬಿಟ್ಟೆ ನಾನು. ಜೀವಮಾನವಿಡೀ ನಮ್ಮ ಹಳ್ಳಿಗಳ ಆಚಾರ ಸಂಗ್ರಹಿಸಿದವನು. ಇದು ಮಾತ್ರ ನನಗೆ ಎಲ್ಲೂ ಸಿಕ್ಕಿರಲಿಲ್ಲ! ಶನಿವಾರದ ಸಭೆಯಲ್ಲಿ ಅವರನ್ನು ಮೊದಲು ಕೇಳುವುದೇ ಇದನ್ನು. ಯಾವ ಹಳ್ಳಿ, ಯಾರ ಮನೆ ಎಂದು. ಈಗಲೇ ಹೇಳಿಬಿಡಬೇಡಿ, ಅಲ್ಲೇ ಕೇಳಿ ಖುಷಿಪಡಲಿ.”

ರಾಜೀವಿ ಏನೋ ಒಂದು “ಆಯಿತು” ಎಂದು ಫೋನ್ ಇಟ್ಟು, ಹೆಚ್ಚಿದ ಬೀಟ್‌ರೂಟನ್ನೇ ನೋಡುತ್ತ ನಿಂತಳು. ಪ್ರೊಫೆಸರರಿಗೆ ಅದು ಎಲ್ಲೂ ಸಿಗದಿರುವುದಕ್ಕೆ ಕಾರಣವಿತ್ತು. ಆ ಪ್ಯಾರಾವನ್ನು ವೇರಾ ಹೇಳಿ ಬರೆಸಿರಲೇ ಇಲ್ಲ. ಅಂಥದ್ದೊಂದು ಪ್ಯಾರಾ ತನ್ನ ಪುಸ್ತಕದಲ್ಲಿ ಇದೆ ಎಂಬುದು ಆ ಮುದುಕಿಗೆ ಗೊತ್ತೂ ಇರಲಿಲ್ಲ. ಬರೆದು ಸೇರಿಸಿದವಳು ರಾಜೀವಿ.

ಉಡುಪಿಯ ರಾಜೀವಿಗೂ ರಷ್ಯನ್ ಕಾದಂಬರಿಗೂ ಎತ್ತಣ ಸಂಬಂಧ ಎನ್ನುವವರಿಗೆ ಇಷ್ಟು ಹೇಳಬೇಕು. ಸ್ಕಾಲರ್‌ಶಿಪ್ ಸಿಕ್ಕಿ ಮಾಸ್ಕೋಗೆ ಓದಲು ಹೋದ ಹುಡುಗಿ ಅಲ್ಲೇ ಉಳಿದು, ರಷ್ಯನ್ ಪುಸ್ತಕಗಳನ್ನು ಕನ್ನಡಕ್ಕೆ ಮಾಡಿ ಅಚ್ಚುಹಾಕುವ ಕಚೇರಿಯಲ್ಲಿ ಅನುವಾದಕಿಯಾದಳು. ಅಲ್ಲೇ ಎಂಜಿನಿಯರಿಂಗ್ ಓದುತ್ತಿದ್ದ ಮಲ್ಪೆಯ ಮೋಹನದಾಸನನ್ನು ಮದುವೆಯಾದಳು. ಸೋವಿಯತ್ ದೇಶ ಮುಳುಗಿತು, ಅದರ ಜೊತೆ ಕನ್ನಡ ವಿಭಾಗವೂ ಮುಳುಗಿತು. ಮೋಹನದಾಸನ ಅಣ್ಣ ವೆಸ್ಟ್ ಕೊವಿನಾದಲ್ಲಿ ಇದ್ದದ್ದರಿಂದ ಗಂಡಹೆಂಡತಿ ಲಾಸ್ ಏಂಜಲೀಸಿಗೆ ಬಂದು ಬಿದ್ದರು. ಅವನಿಗೆ ಚಾಟ್ಸ್‌ವರ್ತಿನ ಒಂದು ಮೀಟರ್ ಫ್ಯಾಕ್ಟರಿಯಲ್ಲಿ ಕೆಲಸವಾಯಿತು. ಅವಳ ರಷ್ಯನ್ನು ಯಾರಿಗೆ ಬೇಕು? ಕಣ್ಣು ಕಳೆದುಕೊಂಡ ಒಬ್ಬ ಮುದುಕಿಗೆ ಬೇಕಾಗಿತ್ತು.

ವೇರಾ ನಿಕೊಲಾಯೆವ್ನಾಗೆ ಎಂಬತ್ತನಾಲ್ಕು. ಯುದ್ಧದ ಕಾಲದಲ್ಲಿ ದೇಶ ಬಿಟ್ಟು, ಜರ್ಮನಿಯ ನಿರಾಶ್ರಿತರ ಕ್ಯಾಂಪಿನಲ್ಲಿ ಕೊಳೆತು, ಅಮೆರಿಕಕ್ಕೆ ಬಂದು, ಹೊಲಿಗೆ ಹಾಕಿ ಬದುಕಿದವಳು. ವೆಸ್ಟ್ ಹಾಲಿವುಡ್ಡಿನ ಎರಡು ಕೋಣೆಯ ಅಪಾರ್ಟ್‌ಮೆಂಟಿನಲ್ಲಿ ಒಬ್ಬಳೇ. ಕಣ್ಣಿಗೆ ಬೆಳಕು ಯಾವ ಕಡೆಯಿದೆ ಎಂಬಷ್ಟು ಮಾತ್ರ ತಿಳಿಯುತ್ತಿತ್ತು. ಅವಳು ಕಿಟಕಿಯ ಪಕ್ಕ ಕುಳಿತು ಹೇಳಬೇಕು, ರಾಜೀವಿ ಟೈಪ್ ಮಾಡಬೇಕು, ಸಂಜೆ ಓದಿ ಒಪ್ಪಿಸಬೇಕು. ಮೂರು ಚಳಿಗಾಲ ಹೀಗೆ ಹೋದವು. ಹೇಳುವಾಗ ಮುದುಕಿ ಬಲು ಜಿಪುಣಿ. ಜನರು ಅಳುವ ಕಡೆ ಅಳಲು ಬಿಡುತ್ತಿರಲಿಲ್ಲ, ಬೇಡಿಕೊಳ್ಳುವ ಕಡೆ ಬಾಯಿ ಮುಚ್ಚಿಸುತ್ತಿದ್ದಳು.

ರಾಜೀವಿಗೋ ಮಾಸ್ಕೋ ಕಚೇರಿಯ ಅಭ್ಯಾಸ. ಅಲ್ಲಿ ರಷ್ಯನ್ ಕಥೆ ಕನ್ನಡ ಓದುಗರಿಗೆ ಒಗ್ಗಲಿ ಎಂದು ಅಲ್ಲೊಂದು ಇಲ್ಲೊಂದು ಒಗ್ಗರಣೆ ಹಾಕುವುದು ಅನುವಾದಕರ ಕೈಗೆ ಹತ್ತಿದ ರೂಢಿ. ಯಾರೂ ಕೇಳುತ್ತಿರಲಿಲ್ಲ, ಏಕೆಂದರೆ ಅಲ್ಲಿ ಕನ್ನಡ ಬಲ್ಲವರು ಅವರು ಮಾತ್ರ. ಆ ದಿನ ವೇರಾ ಹೇಳಿದ್ದು ಎರಡೇ ಸಾಲು: “ಯಾರೂ ಗೇಟಿನವರೆಗೆ ಬರಲಿಲ್ಲ. ಅವಳು ಹೋದಳು.” ಅಷ್ಟು ಹೇಳಿ ತಲೆನೋವೆಂದು ಒಳಗೆ ಹೋದಳು. ಟೈಪ್‌ರೈಟರಿನ ಮುಂದೆ ಉಳಿದ ರಾಜೀವಿ ಆ ಎರಡು ಸಾಲನ್ನೇ ಮತ್ತೆ ಓದಿದಳು. ಇದೇನು ಹೀಗೆ ಕಳಿಸುವುದು ಒಂದು ಹೆಣ್ಣನ್ನು? ಕೈ ತಾನಾಗಿ ಓಡಿತು. ಅತ್ತೆ ಬಾಗಿಲು ತೆರೆದಳು, ಓಡಿಬಂದಳು, ಮಡಿಲು ಒಡ್ಡು ಎಂದಳು. ತನ್ನೂರಿನ ಅಕ್ಕಿಯ ಜಾಗದಲ್ಲಿ ರೈ ಬಂತು, ರಷ್ಯನ್ನರ ಕಪ್ಪು ಬ್ರೆಡ್ಡಿಗೆ ಹಿಟ್ಟಾಗುವ ಕಾಳು. ಸಂಜೆ ಓದಿ ಒಪ್ಪಿಸುವಾಗ ಆ ಪ್ಯಾರಾವನ್ನು ಮೆಲ್ಲಗೆ ಹಾರಿಸಿ, ವೇರಾ ಹೇಳಿದ್ದ ಎರಡು ಸಾಲನ್ನೇ ಒಪ್ಪಿಸಿದಳು. ಆಮೇಲೆ ತೆಗೆದುಹಾಕಿದರಾಯಿತು ಎಂದುಕೊಂಡಳು. ತೆಗೆಯಲಿಲ್ಲ. ಪ್ರಶಸ್ತಿಗೆ ಕಳಿಸುವ ದಿನವೂ ಕೈ ಬರಲಿಲ್ಲ.

ಈಗ ಅದೇ ಕೊರಳಿಗೆ ಬಂದಿತ್ತು. ಬೆರ್ಯೋಜಾ ಎಂದರೆ ಬರ್ಚ್ ಮರ. ಪರದೇಶದಲ್ಲಿ ನೆಲೆಸಿದ ರಷ್ಯನ್ನರು ಸ್ಯಾನ್ ಡಿಯಾಗೊದಲ್ಲಿ ಸಂಘ ಕಟ್ಟಿಕೊಂಡು, ಹಳೆಯ ಸಂಪ್ರದಾಯದ ರಷ್ಯನ್ ಕಾದಂಬರಿಗೆಂದೇ ಇಟ್ಟ ಪ್ರಶಸ್ತಿ ಅದು. ಹೊಸ ಪ್ರಯೋಗದವರಿಗೆ ಅಲ್ಲಿ ಬಾಗಿಲಿಲ್ಲ. ಕಥೆಗೆ ಆದಿ ಬೇಕು, ಅಂತ್ಯ ಬೇಕು, ನಡುವೆ ಉಂಡು ತಿಂದು ಸಾಯುವ ಮನುಷ್ಯರು ಬೇಕು. ಇನ್ನೊಂದು ಕಟ್ಟುನಿಟ್ಟು: ಬರಹ ಒಬ್ಬರದೇ ಆಗಿರಬೇಕು, ಬೇರೆ ಕೈ ಸೇರಿರಬಾರದು. ಗೆದ್ದ ಪುಸ್ತಕವನ್ನು ಪೀಟರ್ಸ್‌ಬರ್ಗಿನಲ್ಲಿ ಅಚ್ಚುಹಾಕಿಸಿ ರಷ್ಯದ ಊರೂರಿನ ಲೈಬ್ರರಿಗೆ ಹಂಚುತ್ತಿದ್ದರು. ವೇರಾಗೆ ಬೇಕಾಗಿದ್ದುದು ಅದೊಂದೇ. ಉತ್ತರದ ನದಿಯ ದಂಡೆಯ ಆ ಊರಿನಲ್ಲಿ, ತಾನು ಬಿಟ್ಟುಬಂದ ಊರಿನಲ್ಲಿ, ಯಾರಾದರೂ ತನ್ನ ಪುಸ್ತಕ ಬಿಡಿಸಬೇಕು. ಅದನ್ನು ಕೇಳಿಯೇ ಸಾಯುತ್ತೇನೆ ಎಂದು ಹಠ ಹಿಡಿದು ಬದುಕಿದ್ದಳು.

ಶುಕ್ರವಾರವಿಡೀ ರಾಜೀವಿ ಹೇಳಲು ಬಾಯಿ ತೆರೆದಳು, ಮುಚ್ಚಿದಳು. ಮುದುಕಿ ಅಂದು ತನ್ನ ನೀಲಿ ಉಡುಪನ್ನು ಇಸ್ತ್ರಿ ಮಾಡಿಸಿದಳು, ಕಾಲರಿನ ಗೆರೆಯನ್ನು ಬೆರಳಲ್ಲಿ ಸವರಿ ಪರೀಕ್ಷಿಸಿದಳು.

“ರಾಯಾ, ನಮ್ಮೂರ ಲೈಬ್ರರಿ ಮೊದಲು ಚರ್ಚಿನ ಪಕ್ಕ ಇತ್ತು. ಈಗ ಎಲ್ಲಿದೆಯೋ. ಪುಸ್ತಕ ಹೋದರೆ ದಾರಿ ಹುಡುಕಿಕೊಳ್ಳುತ್ತದೆ ಬಿಡು,” ಎಂದು ನಕ್ಕಳು. ಆ ನಗುವಿನ ಮೇಲೆ ತಣ್ಣೀರು ಎರಚಲು ರಾಜೀವಿಗೆ ಧೈರ್ಯ ಬರಲಿಲ್ಲ.

ಶನಿವಾರ ಬೆಳಿಗ್ಗೆ ಕಲ್ವರ್ ಸಿಟಿಯ ತಮ್ಮ ಮನೆಯಿಂದ ಹೊರಟಾಗಲೇ ಮೋಹನದಾಸನಿಗೆ ಅವಸರ. ಒಂಬತ್ತಕ್ಕೆ ರಾಹುಕಾಲ, ಅಷ್ಟರೊಳಗೆ ಅಜ್ಜಿಯನ್ನು ಹತ್ತಿಸಿಕೊಂಡು ಗಾಡಿ ಬಿಡಬೇಕು ಎಂದು. ವೆಸ್ಟ್ ಹಾಲಿವುಡ್ ತಲುಪಿದರೆ, ವೇರಾ ಕೋಟು ತೊಟ್ಟು ಬಾಗಿಲಿಗೆ ಬಂದವಳು ತಟ್ಟನೆ ಕುರ್ಚಿಯಲ್ಲಿ ಕುಳಿತುಬಿಟ್ಟಳು. ಪ್ರಯಾಣಕ್ಕೆ ಮುಂಚೆ ಎಲ್ಲರೂ ಒಂದು ಗಳಿಗೆ ಸುಮ್ಮನೆ ಕುಳಿತು ಏಳುವುದು ರಷ್ಯನ್ನರ ಪದ್ಧತಿ.

“ಕೂತ್ಕೊಳ್ಳಿ ನೀವು ಕೂಡ,” ಎಂದಳು ರಾಜೀವಿ ಗಂಡನಿಗೆ.

“ಎಂತದು ಮಾರಾಯ್ತಿ, ರಾಹುಕಾಲ ಬಾಗಿಲಲ್ಲಿ ನಿಂತಿದೆ, ಇವ್ರದ್ದು ಕೂತ್ಕೊಳ್ಳುವ ಶಾಸ್ತ್ರ!” ಎಂದು ಗೊಣಗುತ್ತ ಅವನು ಶೂ ಇಡುವ ಸ್ಟೂಲಿನ ಮೇಲೆ ಕುಕ್ಕರಿಸಿದ. ಎರಡು ದೇಶಗಳ ಶಾಸ್ತ್ರವೂ ಒಟ್ಟಿಗೆ ನಡೆಯಿತು.

ಫ್ರೀವೇ ಹತ್ತಿದ ಮೇಲೆ ವೇರಾ ಮುಂದಿನ ಸೀಟಿನಲ್ಲಿ ನೆಟ್ಟಗೆ ಕುಳಿತಿದ್ದಳು, ಮುಖದ ಮೇಲೆ ಬಿಸಿಲು. ಹಿಂದೆ ರಾಜೀವಿ, ತೊಡೆಯ ಮೇಲೆ ಹಸ್ತಪ್ರತಿ. ಹಿಂದಿನ ದಿನವೇ ಅವಳು ಗಂಡನಿಗೆ ಎಲ್ಲ ಹೇಳಿದ್ದಳು. ಈಗ ಅವನು ಕನ್ನಡಿಯಲ್ಲಿ ಅವಳನ್ನು ನೋಡಿ ಕನ್ನಡದಲ್ಲಿ ಶುರುಮಾಡಿದ.

“ನಾನು ಹೇಳುದು ಕೇಳು. ಅಜ್ಜಿ ಹತ್ರ ಇಷ್ಟೇ ಹೇಳು, ಗೇಟಿನ ಹತ್ರ ಕಾಳು ಹಾಕಿದ್ದು ಎಲ್ಲಿ ಅಂತ ಕೇಳಿದ್ರೆ ನಮ್ಮೂರಲ್ಲಿ ಅಂತ ಹೇಳಿಬಿಡಿ ಅಂತ. ಮುಗೀತಲ್ಲ? ಪ್ರೈಜ್ ಬರ್ತದೆ, ಬುಕ್ ಪ್ರಿಂಟ್ ಆಗ್ತದೆ. ಯಾರಿಗೆ ನಷ್ಟ?”

“ಸುಳ್ಳು ಹೇಳ್ಲಿಕ್ಕೆ ಹೇಳುದಾ ನಾನು, ವೇರಾ ನಿಕೊಲಾಯೆವ್ನಾ ಹತ್ರ?”

“ಸುಳ್ಳು ಬರೆದದ್ದು ಯಾರು ಮತ್ತೆ?”

ರಾಜೀವಿ ತೊಡೆಯ ಮೇಲಿನ ಹಾಳೆಗಳ ಅಂಚು ಸರಿಮಾಡಿದಳು.

“ಅವರು ಒಪ್ಪುದಿಲ್ಲ,” ಎಂದಳು ಕಡೆಗೆ. “ಪುಸ್ತಕ ಕ್ಯಾನ್ಸಲ್ ಮಾಡ್ತಾರೆ. ನಂಗೆ ಬಾಗಿಲು ತೋರಿಸ್ತಾರೆ.”

“ಹಾಗಾದ್ರೆ ಬಾಯಿ ಮುಚ್ಚಿ ಕೂತ್ಕೋ. ಅಲ್ಲಿ ಕೇಳಿದಾಗ ನೀನೇ ಮಧ್ಯ ಬಾಯಿ ಹಾಕಿ, ಅಜ್ಜಿಗೆ ಮರೆತುಹೋಗಿದೆ ಅಂತ ಮ್ಯಾನೇಜ್ ಮಾಡು.”

“ಅವ್ರಿಗೆ ಮರೆಯುವುದು ಅಂದ್ರೆ ಎಂತ ಅಂತಲೇ ಗೊತ್ತಿಲ್ಲ!”

ಸ್ಯಾನ್ ಕ್ಲೆಮೆಂಟೆ ದಾಟಿ ಸಮುದ್ರ ಬಲಗಡೆಗೆ ಬಂತು. ವೇರಾ ಎಂದಿನಂತೆ, “ಏನು ಕಾಣುತ್ತಿದೆ?” ಎಂದಳು. ಕಂಡದ್ದನ್ನೆಲ್ಲ ಹೇಳುವುದು ರಾಜೀವಿಯ ಕೆಲಸದ ಭಾಗವೇ ಆಗಿತ್ತು.

“ಸಮುದ್ರ. ಬೂದು ಬಣ್ಣ. ರಸ್ತೆ ಬದಿಗೆ ಹಳದಿ ಬೋರ್ಡು. ಅದರಲ್ಲಿ ಅಪ್ಪ, ಅಮ್ಮ, ಅಮ್ಮನ ಕೈ ಹಿಡಿದ ಹುಡುಗಿ. ಓಡುತ್ತಿದ್ದಾರೆ. ಗಡಿ ದಾಟಿ ಬಂದವರು ಇಲ್ಲಿ ರಸ್ತೆಗೆ ಅಡ್ಡ ಓಡುತ್ತಾರಂತೆ, ಕಾರಿನವರು ಹುಷಾರಾಗಿರಲಿ ಎಂದು ಹಾಕಿದ್ದಾರೆ.”

“ಹಿಂದಿನಿಂದ ಯಾರಾದರೂ ಕರೆಯುತ್ತಿದ್ದಾರೆಯೆ ಅವರನ್ನು?”

“ಇಲ್ಲ. ಮೂರೇ ಜನ.”

ಮುದುಕಿ ತಲೆ ತಿರುಗಿಸದೆ ಹೇಳಿದಳು. “ಲಾಂಗ್ ಬೀಚಿನಿಂದ ನೀವಿಬ್ಬರೂ ನಿಮ್ಮ ಭಾಷೆಯಲ್ಲಿ ಜಗಳವಾಡುತ್ತಿದ್ದೀರಿ. ಅದರಲ್ಲಿ ನನ್ನ ಹೆಸರು ಬಂತು. ಕಣ್ಣು ಹೋಗಿದೆ ರಾಯಾ, ಕಿವಿ ಹೋಗಿಲ್ಲ. ಏನು ಮುಚ್ಚಿಡುತ್ತಿದ್ದೀಯ?”

ಇನ್ನು ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ. ಮುಂದೆ ರೆಸ್ಟ್ ಏರಿಯಾ ಬಂತು. “ಅಲ್ಲಿ ನಿಲ್ಸಿ,” ಎಂದಳು ರಾಜೀವಿ ಗಂಡನಿಗೆ. ಮೋಹನದಾಸ ತಲೆ ಚಚ್ಚಿಕೊಂಡು ಕಾರನ್ನು ಒಳಗೆ ತಿರುಗಿಸಿದ, ಇಬ್ಬರನ್ನೂ ಮರದ ಬೆಂಚಿನ ಮೇಲೆ ಕೂರಿಸಿ ತಾನು ದೂರ ಹೋಗಿ ಕಾಫಿ ಮೆಷಿನ್ನಿನ ಗುಂಡಿಗಳನ್ನು ಒತ್ತುತ್ತ ನಿಂತ.

ರಾಜೀವಿ ಹೇಳಿದಳು. ಒಂದನ್ನೂ ಬಿಡದೆ ಹೇಳಿದಳು. ಬರೆದದ್ದು, ಓದುವಾಗ ಹಾರಿಸಿದ್ದು, ತೆಗೆಯದೆ ಕಳಿಸಿದ್ದು, ಪ್ರೊಫೆಸರರ ಫೋನು.

“ಓದು,” ಎಂದಳು ವೇರಾ.

ರಾಜೀವಿ ಹಸ್ತಪ್ರತಿ ಬಿಡಿಸಿ ಓದಿದಳು. ಗಾಳಿಗೆ ಹಾಳೆ ಪಟಪಟ ಬಡಿಯುತ್ತಿತ್ತು. ಹಿಮದಲ್ಲಿ ಗೇಟು ತೆರೆದ ಸೊಸೆ. ಹಿಂದೆ ಬಾಗಿಲು ಕಿರ್ರೆಂದ ಸದ್ದು. ಬರಿಗಾಲಲ್ಲಿ ಓಡಿಬಂದ ಅತ್ತೆ. ‘ಮಡಿಲು ಒಡ್ಡು. ಈ ಮನೆಯಿಂದ ಬರಿಗೈಲಿ ಹೋಗಬೇಡ.’ ಒಂದು ಬೊಗಸೆ, ಇನ್ನೊಂದು, ಮತ್ತೊಂದು.

“ಇನ್ನೊಂದು ಸಲ ಓದು.”

ಮತ್ತೆ ಓದಿದಳು.

“ಎಲ್ಲಿಯದು ಇದು?”

“ನಮ್ಮ ಕಡೆಯದು. ತವರಿನಿಂದ ಹೊರಟ ಹೆಣ್ಣಿಗೆ ಅಮ್ಮ ಸೆರಗಿನ ಮಡಿಲಿಗೆ ಅಕ್ಕಿ ತುಂಬಿ ಕಳಿಸುತ್ತಾಳೆ. ಆದರೆ ಗಂಡ ಸತ್ತವಳಿಗೆ ತುಂಬುವುದಿಲ್ಲ. ಗಂಡನ ಮನೆಯಿಂದ ಹೊರಬಿದ್ದ ವಿಧವೆಗಂತೂ ಕೇಳುವುದೇ ಬೇಡ. ಹಾಗಾಗಿ ಇದು ರಷ್ಯದಲ್ಲೂ ಇಲ್ಲ, ನಮ್ಮ ಉಡುಪಿಯಲ್ಲೂ ಇಲ್ಲ. ನಾನೇ ಮಾಡಿದ್ದು.”

“ಯಾಕೆ?”

“ನನ್ನ ಅಕ್ಕ ಜಯಾ,” ಎಂದಳು ರಾಜೀವಿ. ಈ ಹೆಸರನ್ನು ರಷ್ಯನ್ನಿನ ನಡುವೆ ಅವಳು ಹೇಳಿದ್ದು ಅದೇ ಮೊದಲು. “ಮದುವೆಯಾದ ಎರಡನೇ ವರ್ಷಕ್ಕೆ ಭಾವ ತೀರಿಕೊಂಡರು. ಕರೆದುಕೊಂಡು ಬರಲು ಅಪ್ಪನ ಜೊತೆ ನಾನೂ ಹೋಗಿದ್ದೆ. ಚಾವಡಿಯಲ್ಲಿ ಹುಲ್ಲಿನಿಂದ ಸುತ್ತಿ ಕಟ್ಟಿದ ಅಕ್ಕಿ ಮುಡಿಗಳನ್ನು ಸಾಲಾಗಿ ಪೇರಿಸಿದ್ದರು. ಅಕ್ಕ ಅಂಗಳ ದಾಟುವಾಗ ಒಬ್ಬರೂ ಹೊರಗೆ ಬರಲಿಲ್ಲ. ಅವಳು ಗೇಟಿನ ತನಕ ತಿರುಗಿ ತಿರುಗಿ ನೋಡಿದಳು. ಒಂದು ಹಿಡಿ ಅಕ್ಕಿ, ವೇರಾ ನಿಕೊಲಾಯೆವ್ನಾ. ಅಷ್ಟು ಮುಡಿ ಇದ್ದವು. ನೀವು ಆ ಎರಡು ಸಾಲು ಹೇಳಿದಾಗ ನನಗೆ ತಡೆಯಲಾಗಲಿಲ್ಲ.”

ವೇರಾ ಎದ್ದಳು. ಕೋಲಿನಿಂದ ನೆಲ ತಡವಿ ಕಾರಿನ ಕಡೆ ಹೊರಟಳು. ಬಯ್ದಿದ್ದರೆ ರಾಜೀವಿಗೆ ಸಮಾಧಾನವಾಗುತ್ತಿತ್ತು. ಅಲ್ಲಿಂದ ಸ್ಯಾನ್ ಡಿಯಾಗೊ ತಲುಪುವವರೆಗೆ ಮುದುಕಿ ಏನು ಕಾಣುತ್ತಿದೆ ಎಂದು ಕೇಳಲಿಲ್ಲ. ಮೋಹನದಾಸ ತಂದ ಕಾಫಿ, ಪಾಪ, ಆರಿ ತಣ್ಣಗಾಗುತ್ತಿತ್ತು.

ಸಭೆ ಬಾಲ್ಬೋವಾ ಪಾರ್ಕಿನ ಬಾಡಿಗೆ ಹಾಲಿನಲ್ಲಿ. ಮೂಲೆಯಲ್ಲಿ ಹಿತ್ತಾಳೆಯ ಸಮೋವಾರಿನಲ್ಲಿ ಚಹಾಕ್ಕೆ ನೀರು ಕುದಿಯುತ್ತಿತ್ತು. ಹಳೆಯ ಸೂಟುಗಳನ್ನು ತೊಟ್ಟ ಮುದುಕರು, ಎದೆಯ ಮೇಲೆ ಪಿನ್ನು ಸಿಕ್ಕಿಸಿಕೊಂಡ ಮುದುಕಿಯರು, ಎಲ್ಲರೂ ಮಾತು ಮಾತಿಗೆ ಮುತ್ತಿಟ್ಟುಕೊಳ್ಳುತ್ತಿದ್ದರು. ಉಳಿದಿಬ್ಬರು ಲೇಖಕರ ಸರದಿ ಮುಗಿದ ಮೇಲೆ ವೇರಾಳನ್ನು ಕರೆದರು. ರಾಜೀವಿ ಕೈಹಿಡಿದು ಕುರ್ಚಿಗೆ ಕೂರಿಸಿದಳು. ಆ ಕೈ ಮಂಜುಗಡ್ಡೆಯ ಹಾಗಿತ್ತು. ಅದು ಅವಳ ಕೈಯನ್ನು ಹಿಡಿಯಲೂ ಇಲ್ಲ, ಬಿಡಿಸಿಕೊಳ್ಳಲೂ ಇಲ್ಲ.

ಪ್ರೊಫೆಸರ್ ಅರ್ಕಾದಿ ಸೆಮ್ಯೊನೊವಿಚ್ ಕನ್ನಡಕ ಏರಿಸಿ ತಾವೇ ಆ ಪ್ಯಾರಾವನ್ನು ಗಟ್ಟಿಯಾಗಿ ಓದಿದರು. ಮೂರನೇ ಬೊಗಸೆಗೆ ಬರುವಷ್ಟರಲ್ಲಿ ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಹಾಲಿನಲ್ಲಿ ಅಲ್ಲಲ್ಲಿ ಮೂಗು ಒರೆಸುವ ಸದ್ದು. ರಾಜೀವಿ ನೆಲ ನೋಡುತ್ತ ನಿಂತಳು. ಹೊಗಳಿಕೆ ಇಷ್ಟು ಚುಚ್ಚುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ.

“ಹೇಳಿ ವೇರಾ ನಿಕೊಲಾಯೆವ್ನಾ,” ಎಂದರು ಪ್ರೊಫೆಸರ್. “ಈ ಆಚಾರವನ್ನು ನೀವು ಯಾವ ಹಳ್ಳಿಯಲ್ಲಿ ಕಂಡಿರಿ?”

ನಮ್ಮೂರಲ್ಲಿ ಎಂದುಬಿಡಿ, ಎಂದು ರಾಜೀವಿಯ ಮನಸ್ಸು ಕೂಗಿತು. ಇಷ್ಟು ಹೊತ್ತು ಸುಳ್ಳು ಬೇಡ ಎಂದವಳೇ ಈಗ ದೇವರಲ್ಲಿ ಸುಳ್ಳಿಗಾಗಿ ಬೇಡಿಕೊಂಡಳು. ಹಿಂದಿನ ಸಾಲಿನಲ್ಲಿ ಮೋಹನದಾಸ ಕುರ್ಚಿಯ ಅಂಚಿಗೆ ಬಂದಿದ್ದ. ಒಂದಕ್ಷರ ರಷ್ಯನ್ ಬಿಟ್ಟುಹೋಗದ ಹಾಗೆ ಕತ್ತು ಚಾಚಿದ್ದ.

“ಎಲ್ಲೂ ಕಂಡಿಲ್ಲ,” ಎಂದಳು ವೇರಾ. “ಇದನ್ನು ನಾನು ಬರೆಸಿದ್ದೂ ಅಲ್ಲ. ನನ್ನ ಪಕ್ಕ ನಿಂತಿದ್ದಾಳಲ್ಲ, ಇವಳು ಸೇರಿಸಿದ್ದು. ನನಗೆ ಗೊತ್ತಾದದ್ದು ಈ ಬೆಳಿಗ್ಗೆ.”

ಹಾಲಿನಲ್ಲಿ ಗುಜುಗುಜು ಎದ್ದಿತು. ಪ್ರೊಫೆಸರರ ಕಿವಿಯವರೆಗೆ ಕೆಂಪೇರಿತು. ಎಲ್ಲರ ಎದುರು ಅತ್ತ ಮನುಷ್ಯ, ಅವರಿಗೆ ನಾಚಿಕೆಯಾಗದೆ ಇರುತ್ತದೆಯೆ? “ಹಾಗಾದರೆ ಇದು ಎಲ್ಲಿಯ ಆಚಾರ?” ಎಂದು ರಾಜೀವಿಯತ್ತ ತಿರುಗಿದರು. ಅವಳು ತಲೆಯೆತ್ತಿ, ಇದು ಎಲ್ಲಿಯದೂ ಅಲ್ಲ, ತಪ್ಪು ಪೂರ್ತಿ ನನ್ನದು, ಅವರ ಪುಸ್ತಕದಲ್ಲಿ ಬೇರೆಲ್ಲೂ ನಾನು ಒಂದು ಪದ ಮುಟ್ಟಿಲ್ಲ, ದಯವಿಟ್ಟು ಅವರಿಗೆ ಶಿಕ್ಷೆ ಕೊಡಬೇಡಿ ಎಂದಳು. ಯಾರೋ ಹಿಂದಿನಿಂದ, “ಇಂಡಿಯಾದವಳು!” ಎಂದರು. ಮತ್ಯಾರೋ ಶ್ ಎಂದರು.

ಮೂವರು ತೀರ್ಪುಗಾರರು ತಲೆ ಕೂಡಿಸಿ ಬಹಳ ಹೊತ್ತು ಪಿಸುಮಾತಾಡಿದರು. ಕಡೆಗೆ ಅವರಲ್ಲಿ ಲೈಬ್ರರಿಯನ್ ಆಗಿದ್ದ ಹೆಂಗಸು ಎದ್ದು ನಿಂತಳು. ಒಳ್ಳೆಯ ಹೆಂಗಸು, ಮಾತಿನಲ್ಲಿ ಕನಿಕರವಿತ್ತು.

“ವೇರಾ ನಿಕೊಲಾಯೆವ್ನಾ, ಬೇರೆ ಕೈ ಸೇರಿದ ಕೃತಿಗೆ ಪ್ರಶಸ್ತಿ ಇಲ್ಲ, ಅದು ನಮ್ಮ ನಿಯಮ. ಆದರೆ ಸೇರಿದ್ದು ಒಂದೇ ಪ್ಯಾರಾ, ನೀವಾಗಿ ಸತ್ಯ ಹೇಳಿದ್ದೀರಿ. ಇಲ್ಲಿ, ಈಗ, ನಮ್ಮ ಎದುರು ಅದನ್ನು ಹೊಡೆದುಹಾಕಿಸಿ. ಉಳಿದ ಪುಸ್ತಕ ಪೂರ್ತಿ ನಿಮ್ಮದು. ಆಗ ನಾವು ಮೂವರೂ ಅದಕ್ಕೇ ಕೊಡುವವರು, ಮುಚ್ಚುಮರೆ ಯಾಕೆ.”

ರಾಜೀವಿಗೆ ಹೋದ ಜೀವ ಬಂದಂತಾಯಿತು. ಕಣ್ಣೊರೆಸಿಕೊಂಡು ಪರ್ಸಿನಿಂದ ಪೆನ್ನು ತೆಗೆದೇಬಿಟ್ಟಳು. “ಹೊಡೆದುಹಾಕುತ್ತೇನೆ. ಈಗಲೇ. ಹೂಂ ಅನ್ನಿ, ವೇರಾ ನಿಕೊಲಾಯೆವ್ನಾ.”

“ತಡಿ,” ಎಂದಳು ವೇರಾ. “ನನ್ನ ಸಾಲು ಏನಿತ್ತು ಹೇಳು.”

“ಯಾರೂ ಗೇಟಿನವರೆಗೆ ಬರಲಿಲ್ಲ. ಅವಳು ಹೋದಳು.”

“ಹೌದು. ಅದೇ ನಿಜ.” ಮುದುಕಿ ಕೋಲಿನ ಮೇಲೆ ಎರಡೂ ಕೈಯೂರಿ, ಬೆಳಕು ಬರುತ್ತಿದ್ದ ಕಿಟಕಿಯ ಕಡೆ ಮುಖ ಮಾಡಿದಳು. “ಆ ಸೊಸೆ ನಾನು. ಇಲ್ಲಿ ಯಾರಿಗೂ ಗೊತ್ತಿಲ್ಲ, ಇವಳಿಗೂ ಹೇಳಿಲ್ಲ. ನನಗಾಗ ಇಪ್ಪತ್ತು. ಗಂಡನನ್ನು ಮಣ್ಣುಮಾಡಿ ಬಂದ ವಾರಕ್ಕೆ ಅತ್ತೆ ಹೋಗು ಎಂದಳು. ಆ ವರ್ಷ ಊರಲ್ಲೇ ಕಾಳಿರಲಿಲ್ಲ, ಅವಳಿಗೆ ಇನ್ನೂ ಮೂರು ಬಾಯಿ ತುಂಬಿಸಬೇಕಿತ್ತು. ಅದು ನನಗೆ ಆಮೇಲೆ ಅರ್ಥವಾಯಿತು. ಆದರೆ ಗೇಟಿನ ಹತ್ತಿರ ನಾನು ನಿಂತಿದ್ದೆ. ಬೆರಳು ಮರಗಟ್ಟುವ ತನಕ ನಿಂತಿದ್ದೆ, ಯಾರಾದರೂ ಒಬ್ಬರು ಹೆಸರು ಹಿಡಿದು ಕರೆಯಲಿ ಎಂದು. ಕಿಟಕಿಯ ಪರದೆ ಕೂಡ ಅಲುಗಲಿಲ್ಲ.”

ಮೂಲೆಯ ಸಮೋವಾರು ಕುದಿಯುತ್ತಿತ್ತು, ವೇರಾ ಮುಂದುವರಿಸಿದಳು.

“ಅರವತ್ತು ಚಿಲ್ಲರೆ ವರ್ಷವಾಯಿತು, ನಾನು ಆ ಗೇಟು ಬಿಟ್ಟು ಎಲ್ಲಿಗೂ ಹೋಗಿಲ್ಲ. ಪುಸ್ತಕ ಬರೆಯಲು ಕೂತೆ, ಅದರಲ್ಲಾದರೂ ಅತ್ತೆಯನ್ನು ಹೊರಗೆ ಕರೆಸಬಹುದಿತ್ತು. ನನ್ನ ಬಾಯಿಂದ ಬರಲಿಲ್ಲ. ಈ ಬೆಳಿಗ್ಗೆ ರಸ್ತೆ ಬದಿಯ ಬೆಂಚಿನ ಮೇಲೆ ಅವಳು ಬಾಗಿಲು ತೆಗೆದುಕೊಂಡು ಓಡಿಬಂದಳು. ಬರಿಗಾಲಲ್ಲಿ. ಎರಡು ಸಲ ಬಂದಳು, ನಾನೇ ಇನ್ನೊಂದು ಸಲ ಓದಿಸಿದೆ.” ಮುದುಕಿ ಲೈಬ್ರರಿಯನ್ ಹೆಂಗಸಿನ ದನಿ ಬಂದ ದಿಕ್ಕಿಗೆ ತಿರುಗಿದಳು. “ಈಗ ನೀವು ಹೇಳುತ್ತೀರಿ, ಅವಳನ್ನು ಒಳಗೆ ಕಳಿಸಿ ಬಾಗಿಲು ಹಾಕಿಸು, ಕಾಳು ಚೆಲ್ಲು, ಬರಿಗೈಲಿ ಹೋಗು, ಆಗ ನಿನ್ನ ಪುಸ್ತಕ ನಿನ್ನೂರಿಗೆ ಹೋಗುತ್ತದೆ ಎಂದು. ನಿಮ್ಮ ನಿಯಮ ಸರಿಯಾಗಿದೆ. ನನ್ನಿಂದ ಆಗುವುದಿಲ್ಲ. ಪ್ಯಾರಾ ಇರಲಿ.”

“ಬೇಡ!” ಎಂದು ರಾಜೀವಿ ಅವಳ ಕಾಲ ಬಳಿ ಕುಸಿದಳು. “ಲೈಬ್ರರಿ, ವೇರಾ ನಿಕೊಲಾಯೆವ್ನಾ. ನಿಮ್ಮೂರ ಲೈಬ್ರರಿ. ನನ್ನಿಂದಾಗಿ ಹಾಳುಮಾಡಿಕೊಳ್ಳಬೇಡಿ.”

“ಏಳು. ಈ ಬಟ್ಟೆಗೆ ಇಸ್ತ್ರಿ ಮಾಡಿದವಳು ನೀನೇ, ಮುದುರಬೇಡ,” ಎಂದಳು ಮುದುಕಿ. ಬೆಳಗಿನಿಂದ ಮೊದಲ ಬಾರಿಗೆ ಅವಳ ಬೆರಳುಗಳು ರಾಜೀವಿಯ ಬೆರಳನ್ನು ಹಿಡಿದವು.

ಪ್ರಶಸ್ತಿ ಕುದುರೆ ಸಾಕುವವನ ಕಥೆ ಬರೆದ ಮುದುಕನಿಗೆ ಹೋಯಿತು. ಅದೂ ಕೆಟ್ಟ ಪುಸ್ತಕವೇನಲ್ಲವಂತೆ. ಹೊರಡುವಾಗ ಪ್ರೊಫೆಸರ್ ಕಾರಿನವರೆಗೆ ಬಂದರು, ವೇರಾಳ ಕೈಗೆ ಮುತ್ತಿಟ್ಟರು. ಒಂದು ಕ್ಷಣ ತಡೆದು ರಾಜೀವಿಯ ಕೈಗೂ ಇಟ್ಟರು. ಮೋಹನದಾಸ ಬಾಗಿಲು ಹಿಡಿದು ನಿಂತಿದ್ದ. ವೇರಾ ಈಗ ಹಿಂದಿನ ಸೀಟಿನಲ್ಲಿ ರಾಜೀವಿಯ ಪಕ್ಕ ಕುಳಿತಳು.

ಕಾರು ಫ್ರೀವೇ ಹತ್ತಿದ ಮೇಲೆ ರಾಜೀವಿಗೆ ದುಃಖ ಒತ್ತರಿಸಿ ಬಂತು. ಮೂರು ವರ್ಷ ಕೂತು ಕಟ್ಟಿದ್ದನ್ನು ಒಂದು ಮಧ್ಯಾಹ್ನದಲ್ಲಿ ಕೆಡವಿದ್ದಾಯಿತು, ಅದೂ ಪ್ರೀತಿಯ ಹೆಸರಿನಲ್ಲಿ. ಬಿಕ್ಕಿ ಬಿಕ್ಕಿ ಅತ್ತಳು.

“ಅಳಬೇಡ ಮಾರಾಯ್ತಿ, ಅಜ್ಜಿಗೆ ಬೇಜಾರಾಗ್ತದೆ,” ಎಂದ ಮೋಹನದಾಸ ಮುಂದಿನಿಂದ.

ಬಲು ದೂರ ಹೋದ ಮೇಲೆ ವೇರಾ ಕೇಳಿದಳು. “ರಾಯಾ, ಕಾಳು ತುಂಬಿದ ಮೇಲೆ ಹುಡುಗಿ ಏನು ಮಾಡುತ್ತಾಳೆ ನಿಮ್ಮ ಕಡೆ? ಸುಮ್ಮನೆ ತೆಗೆದುಕೊಂಡು ಹೋಗುತ್ತಾಳೆಯೆ? ನೀನು ಅದನ್ನು ಬರೆದಿಲ್ಲ.”

ರಾಜೀವಿ ಮೂಗೊರೆಸಿಕೊಂಡಳು. “ಇಲ್ಲ. ಮಡಿಲಿನಿಂದ ಒಂದು ಹಿಡಿ ತೆಗೆದು ಆ ಮನೆಯಲ್ಲೇ ಬಿಟ್ಟು ಹೋಗುತ್ತಾಳೆ. ಮನೆ ಬರಿದಾಗಬಾರದು, ಅವರೂ ತುಂಬಿರಲಿ ಎಂದು.”

ವೇರಾ ತಲೆಯನ್ನು ಸೀಟಿಗೆ ಆನಿಸಿ ಕಣ್ಣು ಮುಚ್ಚಿದಳು. ಪಡುವಣದ ಬಿಸಿಲು ಸಮುದ್ರದ ಮೇಲಿಂದ ನೇರವಾಗಿ ಅವಳ ಮುಖಕ್ಕೆ ಬೀಳುತ್ತಿತ್ತು. ನಿದ್ದೆ ಹತ್ತಿತೇನೋ ಎಂದು ರಾಜೀವಿ ಅಂದುಕೊಳ್ಳುವಷ್ಟರಲ್ಲಿ ಮುದುಕಿ ಕಿಟಕಿಯ ಪಕ್ಕ ಕುಳಿತು ಹೇಳುವಾಗಿನ ಅದೇ ಜಿಪುಣ ದನಿಯಲ್ಲಿ ಹೇಳಿದಳು.

“ಬರೆದುಕೋ.”

ರಾಜೀವಿ ಹಸ್ತಪ್ರತಿಯ ಹಾಳೆ ತಿರುಗಿಸಿ ಪೆನ್ನು ತೆಗೆದಳು. ಹೊಡೆದುಹಾಕಲೆಂದು ತೆಗೆದಿದ್ದ ಪೆನ್ನೇ ಅದು.

“‘ಅವಳು ಮಡಿಲಿನಿಂದ ಒಂದು ಹಿಡಿ ತೆಗೆದು ಅತ್ತೆಯ ಕೈಯಲ್ಲಿಟ್ಟಳು. ಅವಳು ಹೋದಳು.’ ಬರೆದೆಯಾ?”

“ಬರೆದೆ.”

“ಓದು.”

ರಾಜೀವಿ ಓದಿದಳು. ಒಂದಕ್ಷರವನ್ನೂ ಸೇರಿಸಲಿಲ್ಲ.